ನೆಲಕ್ಕೆ ತಕ್ಕ ಸೈಕಲ್ಲು

ಸೈಕಲ್ಲನ್ನು ಪರಿಸರಸ್ನೇಹಿ ವಾಹನವೆಂದು ಹೊಗಳುವವರು ಅದು ಯಾವ ನೆಲದ ಮೇಲೆ ಓಡಬೇಕೆಂದು ಕೇಳುವುದು ಅಪರೂಪ. 2006-07ರಲ್ಲಿ ರಾಜ್ಯ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲಾರಂಭಿಸಿದಾಗ, ಮಲೆನಾಡಿನ ಏರುದಾರಿಗೂ ಜಮಖಂಡಿಯ ಎರೆಬಯಲಿಗೂ ಒಂದೇ ಬಗೆಯ ಸೈಕಲ್ ಬಂತು: ಗೇರ್ ಇಲ್ಲ, ಕುಲುಕು ತಡೆಯುವ ಸ್ಪ್ರಿಂಗೂ ಇಲ್ಲ. ಕೋವಿಡ್ ಕಾಲದಲ್ಲಿ ಆ ವಿತರಣೆ ನಿಂತಿತು. ಹಿಂದೆ ಬಂದವುಗಳಲ್ಲಿ ಎಷ್ಟೋ ಹಿತ್ತಿಲಲ್ಲಿ ತುಕ್ಕು ಹಿಡಿದಿವೆ. ಆ ಕಬ್ಬಿಣದಿಂದ ಬೇರೆಯದೇ ಒಂದು ವಾಹನವನ್ನು ಊರಿನ ಬೆಸುಗೆ ಅಂಗಡಿಯಲ್ಲೇ ಕಟ್ಟಲು ಸಾಧ್ಯ. ಅದು ಒರಗಿ ಕುಳಿತು, ಕಾಲನ್ನು ಮುಂದಕ್ಕೆ ಚಾಚಿ ತುಳಿಯುವ ಸೈಕಲ್.

ಅಂಥದ್ದಕ್ಕೆ ತಕ್ಕ ನೆಲ ಮಲೆನಾಡಿನದಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳದು. ಕೃಷ್ಣೆ, ಘಟಪ್ರಭೆಗಳ ಈ ಸೀಮೆಯಲ್ಲಿ ಏರು ಕಡಿಮೆ, ದೂರ ಹೆಚ್ಚು. ಮುಂಗಾರಿನ ತಿಂಗಳುಗಳಲ್ಲಿ ಪಡುವಣ ಗಾಳಿ ಎದೆಗೆ ಒದೆಯುವಂತೆ ಬೀಸುತ್ತದೆ. ನೇರ ಕುಳಿತ ಸವಾರನ ಶ್ರಮದ ಬಹುಭಾಗ ಗಾಳಿಯನ್ನು ಸೀಳುವುದರಲ್ಲೇ ಸವೆಯುತ್ತದೆ. ಒರಗಿದವನು ಗಾಳಿಗೆ ಒಡ್ಡುವ ಮೈ ಕಡಿಮೆ. ಇದು ಊಹೆಯಲ್ಲ. ಫ್ರಾನ್ಸಿನ ಚಾರ್ಲ್ಸ್ ಮೋಶೆ ಕಟ್ಟಿದ ಒರಗು ಸೈಕಲ್ ಏರಿ ಫ್ರಾನ್ಸಿಸ್ ಫೋರ್ 1933ರಲ್ಲಿ ಒಂದು ಗಂಟೆಗೆ 45 ಕಿಲೋಮೀಟರ್ ದಾಟಿ, 1914ರಿಂದ ನಿಂತಿದ್ದ ದಾಖಲೆಯನ್ನು ಮುರಿದ. ಅಂತರರಾಷ್ಟ್ರೀಯ ಸೈಕಲ್ ಒಕ್ಕೂಟವು 1934ರಲ್ಲಿ ಸೈಕಲ್ಲಿನ ವ್ಯಾಖ್ಯೆಯನ್ನೇ ಬದಲಿಸಿ ಆ ಯಂತ್ರವನ್ನು ಪಂದ್ಯಗಳಿಂದ ಹೊರಗಿಟ್ಟಿತು. ದೊಡ್ಡ ಕಂಪನಿಗಳು ಆ ಬಳಿಕ ಅದರತ್ತ ಹೆಚ್ಚು ನೋಡಲಿಲ್ಲ. ಯಂತ್ರ ಸೋತು ಮರೆಯಾದದ್ದಲ್ಲ, ನಿಯಮಕ್ಕೆ ಸಿಕ್ಕಿ ಮರೆಯಾಯಿತು.

ಆದರೆ ಪ್ಯಾರಿಸ್ಸಿನ ನುಣುಪು ಪಂದ್ಯಪಥ ಮುಧೋಳದಲ್ಲಿಲ್ಲ. ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ. ಮೇಲೆ ಹಾಸಿದ ಡಾಂಬರು ವರ್ಷವರ್ಷವೂ ಅಲೆಯಂತೆ ಏಳುತ್ತದೆ. ಅದರ ಮೇಲೆ ಎರಡೆರಡು ಟ್ರೇಲರ್ ಎಳೆಯುವ ಕಬ್ಬಿನ ಟ್ರ್ಯಾಕ್ಟರುಗಳ ಭಾರ. (ಅತಿನೀರಾವರಿಯಿಂದ ಸವಳಾದ ಹೊಲಗಳ ಕಥೆ ಬೇರೆಯೇ ಬರೆಯಬೇಕಾದದ್ದು.) ಸಾಧಾರಣ ಸೈಕಲ್ಲಿನಲ್ಲಿ ಗುಂಡಿ ಕಂಡರೆ ಪೆಡಲ್ ಮೇಲೆ ಎದ್ದು ನಿಂತು ಮೊಣಕಾಲನ್ನೇ ಸ್ಪ್ರಿಂಗ್ ಮಾಡಿಕೊಳ್ಳಬಹುದು. ಒರಗಿದವನಿಗೆ ಆ ಉಪಾಯವಿಲ್ಲ. ಹೊಡೆತ ನೇರ ಬೆನ್ನೆಲುಬಿಗೆ. ಆದ್ದರಿಂದ ಇಲ್ಲಿ ಸಸ್ಪೆನ್ಷನ್ ಶೋಕಿಯಲ್ಲ.

ಕಟ್ಟುವ ಕ್ರಮ ಸರಳ, ಸೂಕ್ಷ್ಮಗಳು ಮಾತ್ರ ಹಲವು. ಎರಡು ಹಳೆಯ ಸೈಕಲ್ಲುಗಳಿಂದ ಚೌಕಟ್ಟಿನ ಕೊಳವೆ, ಚಕ್ರ, ಪೆಡಲ್ ಗಡ್ಡೆ ದೊರೆಯುತ್ತವೆ. ಸೈಕಲ್ ಉದ್ದವಾಗುವುದರಿಂದ ಚೈನಿಗೆ ಚೈನು ಜೋಡಿಸಬೇಕು. ಎರಡೂವರೆಯಿಂದ ಮೂರು ಬೇಕಾಗುತ್ತವೆ. ಹಿಂಚಕ್ರವನ್ನು ಹಿಡಿದ ಕವಲು ಒಂದು ತಿರುಗುಗೂಟದ ಮೇಲೆ ಮೇಲೆ-ಕೆಳಗೆ ಆಡಬೇಕು; ಅದಕ್ಕೂ ಚೌಕಟ್ಟಿಗೂ ನಡುವೆ ಹಳೆಯ ಮೊಪೆಡ್ಡಿನ ಶಾಕ್ ಅಬ್ಸಾರ್ಬರ್. ಮೋಟಾರ್ ಸೈಕಲ್ಲಿನದು ಬೇಡ, ಅದರ ಸ್ಪ್ರಿಂಗ್ ಬಿಗಿ ಹೆಚ್ಚಾಗಿ ಒಬ್ಬನ ಭಾರಕ್ಕೆ ಅಲುಗದು. ಚೈನಿನ ಎಳೆಯುವ ಮಗ್ಗುಲು ಆ ತಿರುಗುಗೂಟದ ಸಮೀಪದಲ್ಲೇ ಹಾಯಬೇಕು. ಇಲ್ಲದಿದ್ದರೆ ತುಳಿದಾಗಲೆಲ್ಲ ಸೈಕಲ್ ಜೋಲಿಯಂತೆ ತೂಗಿ ಶ್ರಮ ವ್ಯರ್ಥವಾಗುತ್ತದೆ. ಸೈಕಲ್ಲಿನ ತೆಳು ಕೊಳವೆಗೆ ಟ್ರೇಲರ್ ಬೆಸೆಯುವ ಕರೆಂಟು ತಾಗಿಸಿದರೆ ತೂತು ಬೀಳುತ್ತದೆ. ಗ್ಯಾಸಿನ ಹಿತ್ತಾಳೆ ಬೆಸುಗೆಯೇ ಲೇಸು. ಆಸನಕ್ಕೆ ಹೊರಸಿನ ನವಾರು ಸಾಕು, ಬೆನ್ನಿಗೆ ಗಾಳಿಯೂ ಆಡುತ್ತದೆ.

ರಬಕವಿ-ಬನಹಟ್ಟಿಯವರಿಗೆ ಈ ಭಂಗಿ ತೀರ ಹೊಸದೂ ಅಲ್ಲ. ಕುಣಿಮಗ್ಗದಲ್ಲಿ ನೇಕಾರ ನೆಲದಂಚಿನಲ್ಲಿ ಕುಳಿತು ದೇಹದ ಭಾರವನ್ನು ಕಾಲಿನ ಮೇಲೆ ಹೊರಿಸದೆ ತುಳಿಯುತ್ತಾನೆ. ವಿದ್ಯುತ್ ಮಗ್ಗಗಳು ಬಂದ ಮೇಲೂ ಅವುಗಳ ಬಿಡಿಭಾಗ ಸರಿಪಡಿಸುವ ಕೈಗಳು ಆ ಊರುಗಳಲ್ಲಿವೆ. 1989ರಲ್ಲಿ ಜಮಖಂಡಿ ಸೀಮೆಯ ರೈತರು ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ತಮ್ಮದೇ ದುಡ್ಡು, ದುಡಿಮೆಯಿಂದ ಚಿಕ್ಕಪಡಸಲಗಿಯ ಬಳಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಅಣೆಕಟ್ಟುಗಳ ಬಗ್ಗೆ ಪರಿಸರವಾದಿಗಳ ತಕರಾರು ಏನೇ ಇರಲಿ, ಸರ್ಕಾರಕ್ಕೆ ಕಾಯದ ಆ ಛಲವನ್ನು ಅಲ್ಲಗಳೆಯಲಾಗದು.

ಅಪಾಯವೂ ಉಂಟು. ಒರಗು ಸೈಕಲ್ ತಗ್ಗು. ಕಬ್ಬು ಹೇರಿದ ಟ್ರೇಲರಿನ ಚಾಲಕನಿಗೆ ಅದು ಕಾಣುವುದೇ ಕಷ್ಟ. ಎತ್ತರದ ಕೋಲಿಗೆ ಕೆಂಪು ಬಾವುಟ ಕಟ್ಟದೆ ರಸ್ತೆಗಿಳಿಸಕೂಡದು. ರಾತ್ರಿ ಬೇಡವೇ ಬೇಡ.

ಮಲೆನಾಡಿನ ವಿದ್ಯಾರ್ಥಿಗಳು ಇದನ್ನು ಹಾಗೆಯೇ ನಕಲು ಮಾಡಿದರೆ ಮೊದಲ ಏರಿನಲ್ಲೇ ಕೆಳಗಿಳಿದು ತಳ್ಳಬೇಕಾದೀತು, ಏಕೆಂದರೆ ಒರಗಿದವನು ಪೆಡಲ್ ಮೇಲೆ ಮೈಭಾರ ಹಾಕಲಾರ. ಇಲ್ಲಿಗೆ ಬೇಕಾದದ್ದು ನೇರ ಆಸನ, ಹಿಂಚಕ್ರಕ್ಕೆ ದೊಡ್ಡ ಹಲ್ಲುಗಾಲಿ, ಮತ್ತು ಮಳೆಯಲ್ಲಿ ನೆನೆದ ರಿಮ್ಮಿನ ಮೇಲೆ ಜಾರುವ ರಬ್ಬರಿನ ಬದಲು ಮೊಪೆಡ್ಡಿನ ಡ್ರಮ್ ಬ್ರೇಕು. ಹಿಂಗವಲಿನ ಸ್ಪ್ರಿಂಗ್ ಮಾತ್ರ ಎರಡೂ ಕಡೆಗೆ ಸಲ್ಲುತ್ತದೆ. ಬೆಂಗಳೂರಿನ ಟೆಂಡರಿನಲ್ಲಿ ಈ ವ್ಯತ್ಯಾಸಗಳಿಗೆ ಎಡೆಯಿರಲಿಲ್ಲ. ಸರ್ಕಾರ ಮತ್ತೆ ಸೈಕಲ್ ಹಂಚುವುದಾದರೆ ಆ ಹಣದ ಒಂದು ಪಾಲನ್ನು ತಾಲ್ಲೂಕಿನ ಐಟಿಐಗಳಿಗೆ ಕೊಟ್ಟು, ಗುಜರಿಗೆ ಹೋಗುವ ಸೈಕಲ್ಲುಗಳನ್ನೂ ಒಂದು ಗ್ಯಾಸ್ ಬೆಸುಗೆ ಯಂತ್ರವನ್ನೂ ಒದಗಿಸಲಿ. ಬಯಲುಸೀಮೆಯಲ್ಲಿ ಮೊದಲ ಓಡಾಟವನ್ನು ಕಬ್ಬಿನ ಹಂಗಾಮು ಮುಗಿದು ರಸ್ತೆ ಬರಿದಾದ ಏಪ್ರಿಲ್‌ನಲ್ಲಿ ಇಟ್ಟುಕೊಳ್ಳುವುದು ಒಳಿತು. ಜೂನಿನಲ್ಲಿ ಎರೆಮಣ್ಣು ಮಡ್‌ಗಾರ್ಡಿನೊಳಗೆ ಮೆತ್ತಿ ಚಕ್ರವನ್ನೇ ಹಿಡಿದು ನಿಲ್ಲಿಸುತ್ತದೆ.