ಮೆಚ್ಚಿನ ಲೇಖಕ ಯಾರು ಅಂತ ಕೇಳುವವರಿಗೆ



‘ಈಚೆಗೆ ಏನು ಓದಿದಿರಿ? ನಿಮ್ಮ ಮೆಚ್ಚಿನ ಲೇಖಕರು ಯಾರು?’ ಕೇಳೋರಿಗೆ ಇದು ಬಲು ಸಾಧು ಪ್ರಶ್ನೆ. ಉತ್ತರ ಹೇಳೋ ನಮಗೆ ಸಾಧು ಅಲ್ಲ.

ಬಿ.ಎ. ಮೊದಲ ವರ್ಷದಲ್ಲಿ ಮೇಷ್ಟ್ರೊಬ್ಬರು ಇದನ್ನೇ ಕೇಳಿದಾಗ ನಾನು ಎದ್ದು ನಿಂತು ‘ಮಾಸ್ತಿ’ ಅಂದೆ. ಅಲ್ಲಿಯವರೆಗೆ ಮಾಸ್ತಿಯವರ ಒಂದೇ ಒಂದು ಕತೆ ಓದಿದ್ದೆ. ಪಕ್ಕದ ಮಾಲೂರು ತಾಲ್ಲೂಕಿನ ಹೆಸರು, ಜ್ಞಾನಪೀಠ ಬಂದ ಹೆಸರು. ಆ ಹೆಸರು ಹೇಳಿದರೆ ಯಾರೂ ನನ್ನ ಕೇರಿ ಕೇಳೋದಿಲ್ಲ ಅನ್ನೋ ಲೆಕ್ಕ. ಆಗ ನನ್ನ ಚೀಲದಲ್ಲಿ ಇದ್ದದ್ದು ದೇವನೂರರ ‘ಒಡಲಾಳ’. ಅದರ ಹೆಸರು ಹೇಳಲು ನಾಲಿಗೆ ಏಳಲಿಲ್ಲ. ತಪ್ಪು ಮಾಸ್ತಿಯವರದಲ್ಲ. ಓದಿ ಮೆಚ್ಚಿದ್ದು ಮೆಚ್ಚುಗೆ. ಹೆದರಿ ಮೆಚ್ಚಿದ್ದು ಜೀತ.

ಈ ಹೆದರಿಕೆ ನನ್ನೊಬ್ಬನದಲ್ಲ, ಅದಕ್ಕೊಂದು ಚರಿತ್ರೆ ಇದೆ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದರು. ಅದೇನು ರಾಜದ್ರೋಹವೆ? ಒಬ್ಬ ಓದುಗ ತಾನು ಓದಿದ್ದರ ಬಗ್ಗೆ ಹೇಳಿದ ಅಭಿಪ್ರಾಯ, ಅಷ್ಟೆ. ಒಪ್ಪದವರು ‘ಇಲ್ಲ, ಇದು ಕಾಳು, ಇದು ಜೊಳ್ಳು’ ಅಂತ ಬಿಡಿಸಿ ತೋರಿಸಬಹುದಿತ್ತು. ಅದರ ಬದಲು ಬೀದಿಗಿಳಿದರು. ದಲಿತ ಹುಡುಗರಿಗೆ ಏಟು ಬಿತ್ತು. ಬಸವಲಿಂಗಪ್ಪನವರು ಮಂತ್ರಿ ಪದವಿ ಬಿಡಬೇಕಾಯಿತು. ನಿತ್ಯ ನೂರು ಮಂದಿ ವಿಮರ್ಶಕರು ನೂರು ಪುಸ್ತಕಗಳನ್ನು ಜೊಳ್ಳು ಅಂತಾರೆ, ಅವರ ಕೆಲಸ ಹೋಗೋದಿಲ್ಲ. ಹೊಲಗೇರಿಯಿಂದ ಬಂದವನು ಅಂದರೆ ಮಾತ್ರ ಭಾಷೆಗೇ ಅವಮಾನ! ಹಾಗಾದರೆ ಅಭಿಪ್ರಾಯಕ್ಕೂ ಜಾತಿ ಉಂಟು ಅಂತಾಯಿತಲ್ಲ?

1979ರಲ್ಲಿ ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಕೊಡಿ ಅಂತ ಕೇಳಿದರು. ಕೊಡಲಿಲ್ಲ. ಆ ಮಾರ್ಚಿನಲ್ಲೇ ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ನಡೆಯಿತು. ನೆನಪಿಡಿ, ಈ ಚಳವಳಿ ಹುಟ್ಟಿದ್ದು ಬರೆಯುವ ಹಟದಿಂದ ಮಾತ್ರ ಅಲ್ಲ. ಓದಿದ್ದರ ಬಗ್ಗೆ ಬಾಯಿಬಿಟ್ಟು ಮಾತಾಡುವ ಹಟದಿಂದಲೂ ಹುಟ್ಟಿತು.

ಪಂಡಿತರು ಓದುಗನನ್ನು ‘ಸಹೃದಯ’ ಅಂತಾರೆ. ಕವಿಯ ಹೃದಯಕ್ಕೆ ಸಮನಾದ ಹೃದಯ ಇರೋನು. ಯಾವ ಕವಿ? ಯಾರ ಹೃದಯ? ಟೊಮೊಟೊ ತೋಟದಲ್ಲಿ ಕೂಲಿ ಮಾಡಿ ಬರೋ ನಮ್ಮಮ್ಮನಿಗೆ ಅಕ್ಷರ ಬಾರದು. ನಮ್ಮ ಮನೆ ಮಾತು ತೆಲುಗು, ನಾನು ಕಲಿತ ಅಕ್ಷರ ಕನ್ನಡ. ಒಂದು ರಾತ್ರಿ ‘ಒಡಲಾಳ’ವನ್ನು ತೆಲುಗು ಮಾಡಿಕೊಂಡು ಅವಳಿಗೆ ಓದಿ ಹೇಳಿದೆ. ಸಾಕವ್ವ ಕಳೆದುಹೋದ ಕೋಳಿ ಹುಡುಕೋದು, ಸಾಹುಕಾರನ ಕಡ್ಲೆಕಾಯಿಯನ್ನು ಮನೆಮಂದಿಯೆಲ್ಲ ಸುತ್ತ ಕೂತು ತಿನ್ನೋದು. ಅಮ್ಮ ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ ಅಂದಳು: ‘ನಾಯನಾ, ಇದನ್ನ ಬರೆದೋನು ಹಸಿವು ಕಂಡೋನು. ಉಂಡೋನು ಬರೆದಿದ್ರೆ ಮೊದಲು ಕಳ್ಳತನ ಕಾಣ್ತಿತ್ತು. ಇವನಿಗೆ ಮೊದಲು ತಿನ್ನೋ ಬಾಯಿ ಕಂಡದೆ.’

ಮೂರು ವರ್ಷ ಕಾಲೇಜಿನ ಬೆಂಚಿನ ಮೇಲೆ ಕೂತು ನಾನು ಇಂಥ ವಿಮರ್ಶೆ ಕೇಳಲಿಲ್ಲ. ಅಕ್ಷರ ಇಲ್ಲದೋರಿಗೆ ಅಭಿಪ್ರಾಯ ಇಲ್ಲ ಅನ್ನೋನ ಬಾಯಲ್ಲಿ ಮಾತಾಡೋದು ಮನುಧರ್ಮ.

ಮೇಲಿನವರನ್ನು ಬೈದು ಮುಗಿಸಿದರೆ ಸುಲಭ. ನಮ್ಮ ಕಡೆಗೂ ತಿರುಗೋಣ. ಬೈಕು, ಮೊಬೈಲು ತಯಾರಾಗುವ ನಮ್ಮ ನರಸಾಪುರದಲ್ಲಿ ಪಾಳಿ ಮುಗಿಸಿದ ಏಳೆಂಟು ಮಂದಿ ಭಾನುವಾರ ಸೇರಿ ಪುಸ್ತಕದ ಮಾತಾಡ್ತೀವಿ. ಶುರುವಿನಲ್ಲಿ ಅದೂ ಭಜನೆಯೇ ಆಗಿತ್ತು. ಎಲ್ಲರಿಗೂ ದೇವನೂರು ಇಷ್ಟ, ಎಲ್ಲರಿಗೂ ಸಿದ್ದಲಿಂಗಯ್ಯ ಇಷ್ಟ. ಯಾಕೆ ಅಂದರೆ ಯಾರೂ ಉಸಿರೆತ್ತರು. ಒಂದು ವಾರ ನಾನೇ ಒಪ್ಪಿಕೊಂಡೆ: ‘ಕುಸುಮಬಾಲೆ’ಯನ್ನು ಎರಡು ಸಲ ಅರ್ಧಕ್ಕೆ ಬಿಟ್ಟಿದ್ದೆ. ನಂಜನಗೂಡು ಸೀಮೆಯ ಆ ಮಾತಿಗೆ ನಮ್ಮ ಕೋಲಾರದ ಕಿವಿ ಎಡವುತ್ತೆ. ಮೂರನೇ ಸಲ ಗಟ್ಟಿಯಾಗಿ ಓದಿದೆ, ಆಗ ಬಾಗಿಲು ತೆಗೀತು. ನಾನು ಹಿಂಗಂದದ್ದೇ ತಡ, ಇನ್ನೂ ಮೂವರು ‘ನಾವೂ ಬಿಟ್ಟಿದ್ವಿ’ ಅಂದರು!

ಸಿದ್ದಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರದು. ಇವತ್ತೂ ಅವರ ಹಾಡಿಲ್ಲದೆ ನಮ್ಮ ಮೆರವಣಿಗೆ ಹೊರಡೋದಿಲ್ಲ. ಆದರೂ ನನಗೆ ಹೆಚ್ಚು ಹಿಡಿಸಿದ್ದು ಅವರ ಆತ್ಮಕತೆ ‘ಊರುಕೇರಿ’ಯ ನಗು. ಹಂಗಂದರೆ ಒಬ್ಬ ಗೆಳೆಯ ಸಿಟ್ಟಾದ: ‘ಕಿಚ್ಚು ಸಾಕು ಅಂತೀಯೇನೋ?’ ಇಲ್ಲಪ್ಪಾ. ಹಸಿವನ್ನು ನಗುತ್ತಾ ಹೇಳೋಕೂ ಎದೆ ಬೇಕು ಅಂತೀನಿ. ಜಗಳ ಇನ್ನೂ ಮುಗಿದಿಲ್ಲ. ಮುಗಿಯೋದೂ ಬೇಡ.

ಇನ್ನೊಂದು ವಾರ ಫ್ಯಾಕ್ಟರಿಯ ಹೆಣ್ಣುಮಗಳೊಬ್ಬಳು ನಮ್ಮ ಪಟ್ಟಿ ನೋಡಿ, ‘ಅಣ್ಣಾ, ಇದರಾಗೆ ಒಬ್ಬ ಹೆಂಗಸೂ ಇಲ್ವಲ್ಲ’ ಅಂದಳು. ನಾಚಿಕೆಯಾಯಿತು. 2004ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನ ಬಂದ ಗೀತಾ ನಾಗಭೂಷಣರ ‘ಬದುಕು’ ನಮ್ಮಲ್ಲಿ ಯಾರ ಹತ್ತಿರವೂ ಇರಲಿಲ್ಲ. ತಂದು ಓದಿದೆವು. ತೆಲುಗು ಬಲ್ಲವನೊಬ್ಬ 1941ರ ಜಾಷುವಾ ಅವರ ‘ಗಬ್ಬಿಲಂ’ ತಂದ. ಗುಡಿಯೊಳಕ್ಕೆ ಅಸ್ಪೃಶ್ಯನಿಗೆ ಪ್ರವೇಶವಿಲ್ಲ, ಬಾವಲಿಗೆ ಉಂಟು. ಅದಕ್ಕೇ ಅವನು ತನ್ನ ದೂರನ್ನು ಬಾವಲಿ ಕೈಲಿ ಶಿವನಿಗೆ ಕಳಿಸ್ತಾನೆ. ಗಡಿಸೀಮೆಯ ನಮಗೆ ಇದು ಪರಭಾಷೆಯೆ?

ಪುಸ್ತಕ ಎಲ್ಲಿಂದ ಬರಬೇಕು ಅಂತೀರಾ? 1965ರ ಕಾಯ್ದೆಯಂತೆ ಗ್ರಂಥಾಲಯಕ್ಕೆಂದೇ ಕರ ವಸೂಲಾಗುತ್ತೆ. 2019ರಲ್ಲಿ ಹಳ್ಳಿ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಬಂದವು, ‘ಅರಿವು ಕೇಂದ್ರ’ ಅಂತ ಹೆಸರಾಯಿತು. ಬೋರ್ಡು ಬದಲಾದರೆ ಅರಿವು ಬರೋದಿಲ್ಲ. ಗ್ರಾಮಸಭೆಯಲ್ಲಿ ಚರಂಡಿ ಕೇಳೋ ಹಾಗೇ ಪುಸ್ತಕವನ್ನೂ ಹೆಸರು ಹಿಡಿದು ಕೇಳಿ. ಬೇಕಾದ್ದು ಕೇಳೋದೂ ಒಂದು ಅಭಿಪ್ರಾಯವೇ.

ಊರಿನ ಮೇಷ್ಟ್ರುಗಳೇ, ನಿಮ್ಮ ಹುಡುಗರನ್ನು ‘ನಿನ್ನ ಮೆಚ್ಚಿನ ಲೇಖಕ ಯಾರು?’ ಅಂತ ಕೇಳಿ ಅಲ್ಲಿಗೇ ಬಿಡಬೇಡಿ. ‘ಯಾವುದು ಹಿಡಿಸಲಿಲ್ಲ, ಯಾಕೆ?’ ಅಂತಲೂ ಕೇಳಿ. ಕೊನೆ ಬೆಂಚಿನಲ್ಲಿ ಒಬ್ಬ ಹುಡುಗ ಚೀಲದೊಳಗೆ ಪುಸ್ತಕ ಬಚ್ಚಿಟ್ಟುಕೊಂಡು, ಬಾಯಲ್ಲಿ ಬೇರೆ ಹೆಸರು ಹೇಳ್ತಿರಬಹುದು.

ಅವನು ಚೀಲ ಬಿಚ್ಚೋ ತನಕ ಕಾಯಿರಿ.