ಪಹರೆಯವನ ಗಡಿಯಾರ

ದಾದರಿನ ನಮ್ಮ ಕಟ್ಟಡದ ಸರ್ವಸದಸ್ಯರ ಸಭೆಯಲ್ಲಿ ಕಳೆದ ತಿಂಗಳು ಒಂದು ಠರಾವು ಬಂತು. ಎರಡು ಮನೆಗಳಲ್ಲಿ ಕಳವಾದುದರಿಂದ ಇನ್ನು ವಾಚ್‌ಮನ್ ಒಬ್ಬನನ್ನೇ ನಂಬಿ ಕೂರುವಂತಿಲ್ಲವೆಂದೂ, ತರುಣರು ಸರದಿಯ ಮೇಲೆ ರಾತ್ರಿ ಪಹರೆಗೆ ನಿಲ್ಲಬೇಕೆಂದೂ ಅದರ ಒಕ್ಕಣೆ. ತಮ್ಮಲ್ಲಿ ಪರವಾನಗಿಯ ರಿವಾಲ್ವರ್ ಇದೆ, ಪ್ರಸಂಗ ಬಂದರೆ ಅದೂ ಕೆಳಗಿಳಿದೀತು ಎಂದು ಒಬ್ಬ ಸದಸ್ಯರು ಹೇಳಿದಾಗ ಸಭೆ ಚಪ್ಪಾಳೆ ತಟ್ಟಿತು. ‘ತೊಂಬತ್ತಮೂರರಲ್ಲಿ ನೀವೂ ನಿಂತವರಲ್ಲವೇ ಅಂಕಲ್, ನೀವೇ ಅನುಮೋದಿಸಿ’ ಎಂದು ಎದುರು ಮನೆಯ ಹುಡುಗ ನನ್ನ ಕಡೆ ತಿರುಗಿದ. ನಾನು ಕೈ ಎತ್ತಲಿಲ್ಲ. ಏಕೆಂದು ಅಲ್ಲಿ ಹೇಳಲು ಬಾಯಿ ಬರಲಿಲ್ಲ. ಇಲ್ಲಿ ಹೇಳುತ್ತೇನೆ.

1993ರ ಜನವರಿ. ಗಲಭೆಯ ಬೆಂಕಿ ಆರುತ್ತಿದ್ದರೂ ಅಂಜಿಕೆ ಆರಿರಲಿಲ್ಲ. ಗೇಟಿನ ಬಳಿ ನಾವು ಏಳೆಂಟು ಮಂದಿ ಹಾಕಿ ಕೋಲು, ಕಬ್ಬಿಣದ ಸಲಾಕೆ ಹಿಡಿದು ರಾತ್ರಿಗಳನ್ನು ಕಳೆಯುತ್ತಿದ್ದೆವು. ಬ್ಯಾಂಕಿನವರು, ಮಾಸ್ತರರು, ಹೋಟೆಲಿನ ಗಲ್ಲೆಯ ಮೇಲೆ ಕೂರುವವರು, ಯಾರೂ ಜಗಳಗಂಟರಲ್ಲ. ಒಂದು ಬೆಳಗಿನ ಜಾವ ನಾಲ್ಕರ ಸುಮಾರಿಗೆ ಹೆಗಲ ಮೇಲೆ ಚೀಲ ಹೊತ್ತ ಹುಡುಗನೊಬ್ಬ ಗೋಡೆಯ ಮಗ್ಗುಲಲ್ಲೇ ನಡೆದು ಬಂದ. ನಮ್ಮಲ್ಲೊಬ್ಬರು ‘ಕೌನ್ ಹೈ’ ಎಂದು ಗದರಿದರು. ಅವನು ಓಡಿದ. ಓಡಿದ್ದೇ ಅವನ ಮೇಲಿನ ಸಾಕ್ಷಿಯಾಯಿತು. ನಾವೂ ಓಡಿದೆವು. ಚರಂಡಿಯ ಕಲ್ಲಿಗೆ ಎಡವಿ ಬಿದ್ದವನ ಮೇಲೆ ಒಂದು ಏಟು ಬಿತ್ತು. ಅದು ನನ್ನ ಕೈಯ ಕೋಲಿನದಲ್ಲ. ಆದರೆ ಆ ಕೋಲನ್ನು ನಾನು ತಡೆಯಲೂ ಇಲ್ಲ. ಚೀಲ ಬಿಚ್ಚಿದರೆ ಚೆಂಡುಹೂವು. ಸ್ಟೇಷನ್ನಿನ ಹತ್ತಿರದ ಹೂವಿನ ಪೇಟೆಗೆ ಹೊರಟಿದ್ದ. ಹಣೆಯ ರಕ್ತ ಒರೆಸಿಕೊಂಡು, ಚೆಲ್ಲಿದ ಹೂವನ್ನು ಆರಿಸಿ ತುಂಬಿಕೊಂಡು, ಒಂದು ಮಾತೂ ಆಡದೆ ಹೋದ. ಅವನ ಹೆಸರನ್ನು ನಾವು ಕೇಳಲಿಲ್ಲ. ನಮ್ಮ ಕೈಯಲ್ಲಿ ಅಂದು ಪಿಸ್ತೂಲು ಇದ್ದಿದ್ದರೆ ಎಂಬ ಯೋಚನೆ ನನಗೆ ಬಂದುದು ಇಪ್ಪತ್ತು ವರ್ಷಗಳ ನಂತರ, ಅಮೆರಿಕದ ಒಂದು ತೀರ್ಪನ್ನು ಓದಿದಾಗ.

ಫ್ಲಾರಿಡಾದ ಸ್ಯಾನ್‌ಫರ್ಡ್ ಎಂಬ ಊರಿನಲ್ಲಿ 2012ರ ಫೆಬ್ರವರಿ 26ರ ರಾತ್ರಿ, ತನ್ನ ಬಡಾವಣೆಯ ಸ್ವಯಂಸೇವಕ ಪಹರೆಗಾರನಾಗಿದ್ದ ಜಾರ್ಜ್ ಜಿಮ್ಮರ್‌ಮನ್, ಟ್ರೇವಾನ್ ಮಾರ್ಟಿನ್ ಎಂಬ ಹದಿನೇಳು ವರ್ಷದ ಕರಿಯ ಹುಡುಗನನ್ನು ಗುಂಡಿಟ್ಟು ಕೊಂದ. ಅಲ್ಲಿಯೂ ಮೊದಲು ಕಳವುಗಳಾಗಿದ್ದವು. ಹುಡುಗ ಅದೇ ಬಡಾವಣೆಯ ಮನೆಯೊಂದಕ್ಕೆ ತಂದೆಯೊಡನೆ ಬಂದಿದ್ದವನು. ಅಂಗಡಿಯಿಂದ ಮಿಠಾಯಿ, ಪಾನೀಯ ಕೊಂಡು ಮರಳುತ್ತಿದ್ದ. ಪಹರೆಗಾರ ಪೊಲೀಸರಿಗೆ ಫೋನು ಮಾಡಿದ್ದ. ಅವನು ಹುಡುಗನ ಬೆನ್ನು ಹತ್ತಿದ್ದಾನೆಂದು ತಿಳಿದಾಗ, ಅದರ ಅಗತ್ಯವಿಲ್ಲವೆಂದು ಆ ಕಡೆಯಿಂದ ಹೇಳಿದ್ದರು. ಮುಂದೆ ಇಬ್ಬರಿಗೂ ಕೈಕೈ ಹತ್ತಿತು, ಪಹರೆಗಾರನ ತಲೆಗೆ ಗಾಯವಾಯಿತು, ಗುಂಡು ಹಾರಿತು. ಆತ್ಮರಕ್ಷಣೆ ಎಂಬ ಅವನ ಮಾತಿನ ಮೇಲೆ ಪೊಲೀಸರು ಆರು ವಾರಗಳವರೆಗೆ ಆರೋಪವನ್ನೇ ಹೊರಿಸಲಿಲ್ಲ. ದೇಶವೆಲ್ಲ ಬೀದಿಗಿಳಿದ ಮೇಲೆ ವಿಚಾರಣೆ ನಡೆಯಿತು. 2013ರ ಜುಲೈ 13ರಂದು ಆರು ಮಹಿಳೆಯರ ಜ್ಯೂರಿ ಅವನನ್ನು ನಿರ್ದೋಷಿಯೆಂದು ಬಿಟ್ಟಿತು. ಮೂವತ್ತೈದು ವರ್ಷದ ಹಿಂದೆ ಆ ಹುಡುಗ ನಾನೇ ಆಗಿರಬಹುದಿತ್ತು ಎಂಬರ್ಥದ ಮಾತನ್ನು ಅಧ್ಯಕ್ಷ ಒಬಾಮಾ ಆಡಿದರು.

ಆ ದೇಶದಲ್ಲಿ ಎದ್ದ ವಾಗ್ವಾದ ಬಹುಮಟ್ಟಿಗೆ ಜನಾಂಗದ್ದು, ಬಂದೂಕಿನದು. ಅದು ಯೋಗ್ಯವಾದ ವಾದವೇ. ಆದರೆ ನನ್ನನ್ನು ಕಾಡಿದುದು ಗಡಿಯಾರದ ಪ್ರಶ್ನೆ. ನ್ಯಾಯಾಲಯ ಕಾಲವನ್ನು ಎಲ್ಲಿಂದ ಎಣಿಸಬೇಕು? ನೆಲದ ಮೇಲೆ ಬಿದ್ದು ಪೆಟ್ಟು ತಿನ್ನುತ್ತಿದ್ದವನಿಗೆ ಜೀವಭಯ ಇತ್ತೇ ಎಂದು ಕೇಳಿದರೆ ಇತ್ತೆನ್ನಬಹುದು. ಆದರೆ ಆ ಕೊನೆಯ ನಿಮಿಷ ಬಂದುದಾದರೂ ಎಲ್ಲಿಂದ? ಅಪರಿಚಿತನ ನಡಿಗೆಯನ್ನೂ ಉಡುಪನ್ನೂ ಕಂಡು ಕಳ್ಳನೆಂದು ಎಣಿಸಿ ಹಿಂಬಾಲಿಸಿದ ನಿಮಿಷಗಳ ಲೆಕ್ಕ ಯಾರದು? ಹಿಂಬಾಲಿಸುವುದು ತಾನಾಗಿಯೇ ಅಪರಾಧವಲ್ಲವಾದ್ದರಿಂದ ಅದು ಕೊನೆಯ ತೂಕದಲ್ಲಿ ಹಗುರವಾಯಿತು. ನಾಲ್ಕು ಗಂಟೆಯ ಕತ್ತಲಲ್ಲಿ ನಮ್ಮ ಹುಡುಗ ತಿರುಗಿ ನಿಂತು ಚೀಲ ಬೀಸಿದ್ದರೆ ನಮಗೂ ಆತ್ಮರಕ್ಷಣೆಯ ಹಕ್ಕು ಹುಟ್ಟಿಬಿಡುತ್ತಿತ್ತು!

ಇದೇ ಪ್ರಶ್ನೆಗೆ ಮುಂಬಯಿಯದೇ ಒಂದು ಉತ್ತರವಿದೆ. ಅದು ಪಹರೆಯ ಪ್ರಕರಣವಲ್ಲ, ಮನೆಯೊಳಗಿನ ದ್ರೋಹದ್ದು. ಆದರೂ ಗುಂಡು, ಜ್ಯೂರಿ, ಇಬ್ಭಾಗವಾದ ನಗರ ಎಲ್ಲವೂ ಅದರಲ್ಲಿವೆ. 1959ರ ಏಪ್ರಿಲ್ 27ರಂದು ನೌಕಾಪಡೆಯ ಕಮಾಂಡರ್ ಕವಾಸ್ ನಾನಾವತಿ ತನ್ನ ಪತ್ನಿಯ ಪ್ರಿಯಕರ ಪ್ರೇಮ್ ಅಹುಜಾನನ್ನು ಗುಂಡಿಟ್ಟು ಕೊಂದ. ಕರಂಜಿಯಾ ಅವರ ‘ಬ್ಲಿಟ್ಜ್’ ಪತ್ರಿಕೆ ಕಮಾಂಡರನನ್ನು ವೀರಪತಿಯಾಗಿಸಿತು. ಪಾರ್ಸಿಗಳು ಅವನ ಬೆನ್ನಿಗೆ ನಿಂತರು, ಸಿಂಧಿಗಳು ಸತ್ತವನ ಕಡೆಗೆ. ಒಂಬತ್ತು ಮಂದಿಯ ಜ್ಯೂರಿಯಲ್ಲಿ ಎಂಟು ಮಂದಿ ನಿರ್ದೋಷಿ ಎಂದರು. ಸತ್ತ ಅಹುಜಾನ ನಡತೆಯೇ ಕಟಕಟೆಯಲ್ಲಿ ನಿಂತಿತ್ತು. ಸತ್ತವನು ವಕಾಲತ್ತಿಗೆ ಸಹಿ ಹಾಕಲಾರನಷ್ಟೆ. ಸೆಷನ್ಸ್ ನ್ಯಾಯಾಧೀಶರು ಆ ನಿರ್ಣಯವನ್ನು ಒಪ್ಪದೆ ಪ್ರಕರಣವನ್ನು ಹೈಕೋರ್ಟಿಗೆ ಒಪ್ಪಿಸಿದರು. ಹೈಕೋರ್ಟು ಜೀವಾವಧಿ ಶಿಕ್ಷೆ ವಿಧಿಸಿತು. (ಇದೇ ದೇಶದ ಕೊನೆಯ ಜ್ಯೂರಿ ವಿಚಾರಣೆ ಎಂಬ ಮಾತು ರೂಢಿಯಲ್ಲಿದೆ; ಅದು ಸರಿಯಲ್ಲ. ಜ್ಯೂರಿ ಪೂರ್ತಿಯಾಗಿ ಹೋದುದು 1973ರ ಸಂಹಿತೆಯಿಂದ.)

1961ರ ನವೆಂಬರ್ 24ರಂದು ಸುಪ್ರೀಂ ಕೋರ್ಟು ಆ ಶಿಕ್ಷೆಯನ್ನು ಎತ್ತಿಹಿಡಿದಾಗ ಗಡಿಯಾರವನ್ನು ಹಿಂದಕ್ಕೆ ತಿರುಗಿಸಿ ನೋಡಿತು. ಅಹುಜಾನ ಕೋಣೆಯೊಳಗೆ ಏನು ನಡೆಯಿತು ಎಂಬಲ್ಲಿಗೇ ಅದು ನಿಲ್ಲಲಿಲ್ಲ. ಪತ್ನಿಯ ಬಾಯಿಂದ ಸಂಗತಿ ಕೇಳಿದವನು ಅವಳನ್ನೂ ಮಕ್ಕಳನ್ನೂ ಸಿನಿಮಾ ಮಂದಿರಕ್ಕೆ ಬಿಟ್ಟ. ತನ್ನ ಹಡಗಿಗೆ ಹೋದ. ರಾತ್ರಿ ಒಬ್ಬನೇ ಅಹಮದ್‌ನಗರಕ್ಕೆ ಕಾರಿನಲ್ಲಿ ಹೋಗಬೇಕೆಂಬ ಸುಳ್ಳು ನೆಪ ಹೇಳಿ ರಿವಾಲ್ವರನ್ನೂ ಆರು ತೋಟಾಗಳನ್ನೂ ಪಡೆದ. ಅಹುಜಾನ ಕಚೇರಿಗೆ ಹೋಗಿ, ಅಲ್ಲಿಂದ ಮನೆಗೆ ಹೋದ. ಆ ಹಡಗಿನ ಹೆಸರು ‘ಮೈಸೂರು’ ಎಂಬುದು ನಮಗೆ ಸ್ವಲ್ಪ ಇರುಸುಮುರುಸಿನ ವಿವರ. ಮಧ್ಯಾಹ್ನ ಒಂದೂವರೆಗೆ ಮನೆ ಬಿಟ್ಟವನು ಗುಂಡು ಹಾರಿಸಿದ್ದು ನಾಲ್ಕು ಇಪ್ಪತ್ತಕ್ಕೆ. ಸುಮಾರು ಮೂರು ಗಂಟೆ. ಮನಸ್ಸು ಹಿಡಿತಕ್ಕೆ ಬರಲು ಅಷ್ಟು ಸಾಕಾಗಿತ್ತು, ಆದ್ದರಿಂದ ಹಠಾತ್ ಉದ್ರೇಕದ ಮಾತು ನಿಲ್ಲದು ಎಂದು ನ್ಯಾಯಾಲಯ ಹೇಳಿತು. 1964ರಲ್ಲಿ ರಾಜ್ಯಪಾಲೆ ವಿಜಯಲಕ್ಷ್ಮಿ ಪಂಡಿತ್ ಅವನಿಗೆ ಕ್ಷಮೆಯಿತ್ತರು. ಅದು ಬೇರೆಯ ಕಥೆ, ಪ್ರಭಾವದ ಕಥೆ. ಆ ಮೂರು ಗಂಟೆಯ ಲೆಕ್ಕವನ್ನು ಯಾವ ಕ್ಷಮಾದಾನವೂ ಅಳಿಸಿಲ್ಲ.

ಖಾಸಗಿ ರಕ್ಷಣೆಯ ನಮ್ಮ ಕಾನೂನಿನಲ್ಲಿಯೂ ಇದೇ ವಿವೇಕ ಅಡಗಿದೆ. ಸರ್ಕಾರಿ ರಕ್ಷಣೆಯನ್ನು ಕೋರಲು ಸಮಯವಿದ್ದಲ್ಲಿ ಆ ಹಕ್ಕು ಇಲ್ಲ. ಅಗತ್ಯಕ್ಕಿಂತ ಹೆಚ್ಚಿನ ಹಾನಿ ಮಾಡುವ ಹಕ್ಕಂತೂ ಎಂದೂ ಇಲ್ಲ. 1860ರ ದಂಡಸಂಹಿತೆಯ 99ನೆಯ ಕಲಮು ಹೇಳುತ್ತಿದ್ದುದನ್ನೇ 2024ರ ಜುಲೈಯಿಂದ ಜಾರಿಗೆ ಬಂದ ನ್ಯಾಯ ಸಂಹಿತೆಯ 37ನೆಯ ಕಲಮೂ ಹೇಳುತ್ತದೆ. ಅಂದರೆ ನಮ್ಮ ಕಾನೂನು ಪಹರೆಯವನನ್ನು ಕೇಳುವ ಪ್ರಶ್ನೆ ‘ನಿನಗೆ ಭಯವಾಯಿತೇ’ ಎಂಬುದೊಂದೇ ಅಲ್ಲ, ‘ಕೂಗಲು ನಿನಗೆ ಹೊತ್ತಿತ್ತೇ’ ಎಂಬುದೂ ಹೌದು.

ಕಾನೂನು ಒಳ್ಳೆಯದಿದ್ದರೆ ಸಾಲದೆಂಬುದಕ್ಕೆ ದೂರ ಹೋಗಬೇಕಿಲ್ಲ. 2020ರ ಏಪ್ರಿಲ್ 16ರ ರಾತ್ರಿ ಪಾಲ್ಘರ್ ಜಿಲ್ಲೆಯ ಗಡ್‌ಚಿಂಚಲೆಯಲ್ಲಿ, ಕಳ್ಳರು ಬಂದಿದ್ದಾರೆಂಬ ವದಂತಿಗೆ ಕಾವಲು ಕಾಯುತ್ತಿದ್ದ ಜನ, ಕಾಂದಿವಲಿಯಿಂದ ಅಂತ್ಯಕ್ರಿಯೆಗೆಂದು ಸೂರತ್ತಿಗೆ ಹೊರಟಿದ್ದ ಇಬ್ಬರು ಸಾಧುಗಳನ್ನೂ ಅವರ ಕಾರಿನ ಚಾಲಕನನ್ನೂ ಪೊಲೀಸರ ಎದುರಿನಲ್ಲೇ ಹೊಡೆದು ಕೊಂದರು. ಮರುದಿನಗಳಲ್ಲಿ ಅದಕ್ಕೆ ಮತದ ಬಣ್ಣ ಬಳಿಯುವ ಧಾವಂತ ನಡೆಯಿತು. ವದಂತಿ ಹೇಗೆ ಕಾವಲಾಯಿತು, ಕಾವಲು ಹೇಗೆ ಕೊಲೆಯಾಯಿತು ಎಂದು ಕೇಳಿದವರು ಕಡಿಮೆ.

ಹೊರನಾಡಿನಲ್ಲಿ ನೆಲೆಸಿದ ನಮಗೆ ಈ ಪ್ರಶ್ನೆಯ ಎರಡೂ ತುದಿಗಳ ಪರಿಚಯವಿದೆ. 1960ರ ದಶಕದ ಕೊನೆಯಲ್ಲಿ ಈ ನಗರದ ಉಡುಪಿ ಹೋಟೆಲುಗಳ ಗಾಜು ಒಡೆದಾಗ ಅನುಮಾನದ ವ್ಯಕ್ತಿಗಳು ನಾವಾಗಿದ್ದೆವು. ಉಟ್ಟ ಪಂಚೆಯೇ ನಮ್ಮ ಮೇಲಿನ ಸಾಕ್ಷಿ. ಹಿರಿಯರು ಆ ದಿನಗಳನ್ನು ಹೇಳುವಾಗ ದನಿ ತಗ್ಗಿಸುವುದನ್ನು ಕೇಳಿ ಬೆಳೆದ ನಾವೇ ಇಪ್ಪತ್ತೈದು ವರ್ಷಗಳೊಳಗೆ ಗೇಟಿನ ಒಳಗಡೆಯವರಾಗಿ, ಕೋಲು ಹಿಡಿದು ನಿಂತೆವು.

ಠರಾವನ್ನು ಸಭೆ ಮುಂದಕ್ಕೆ ಹಾಕಿದೆ. ಬರುವ ಭಾನುವಾರ ಮತ್ತೆ ಸೇರಲಿದೆ. ನಾನು ಲಿಖಿತವಾಗಿ ಒಂದು ತಿದ್ದುಪಡಿ ಕಳಿಸಿದ್ದೇನೆ: ಪಹರೆಯವರ ಕೈಯಲ್ಲಿ ಟಾರ್ಚು, ಸೀಟಿ, ಫೋನು ಇರಲಿ, ಬೇರೇನೂ ಬೇಡ, ಅನುಮಾನ ಬಂದರೆ ಪೊಲೀಸರಿಗೆ ತಿಳಿಸಲಿ, ಗೇಟು ದಾಟಿ ಯಾರ ಬೆನ್ನನ್ನೂ ಹತ್ತಕೂಡದು. ಕಾರಣವನ್ನೂ ಬರೆದುಕೊಡಬೇಕೆಂದು ಕಾರ್ಯದರ್ಶಿಗಳು ಕೇಳಿದರು. ಚೆಂಡುಹೂವಿನ ಸಂಗತಿಯನ್ನು ಬರೆದು ಕೊಟ್ಟಿದ್ದೇನೆ. ಅಂದು ಜೊತೆಗಿದ್ದವರಲ್ಲಿ ಇನ್ನಿಬ್ಬರು ಇದೇ ಕಟ್ಟಡದಲ್ಲಿದ್ದಾರೆ. ಒಬ್ಬರು ಸಹಿ ಹಾಕಿದ್ದಾರೆ, ಇನ್ನೊಬ್ಬರು ಅಂಥದ್ದು ನಡೆದ ನೆನಪೇ ತಮಗಿಲ್ಲ ಎಂದರು.