ಮಾತ್ರೆಗೆ ಮೊದಲು ಕೋಣೆಯನ್ನು ನೋಡಿ

ಡಿಮೆನ್ಷಿಯಾ ಇರುವ ಅಜ್ಜ ವೃದ್ಧಾಶ್ರಮ ಸೇರಿದ ಸ್ವಲ್ಪ ದಿನಗಳಲ್ಲೇ ಸಿಡುಕಲು ಶುರುಮಾಡುತ್ತಾರೆ. ಸಂಜೆಯಾದರೆ ಗೇಟು ಅಲುಗಾಡಿಸುತ್ತಾರೆ, ರಾತ್ರಿ ಮಲಗುವುದಿಲ್ಲ. ‘ಅರಳುಮರಳು ಜಾಸ್ತಿಯಾಗಿದೆ’ ಎಂದು ಎಲ್ಲರೂ ತೀರ್ಮಾನಿಸುತ್ತಾರೆ. ಆಮೇಲೆ ಮಂಪರಿನ ಮಾತ್ರೆ. ಅವರನ್ನು ಇರಿಸಿದ ಜಾಗ ಹೇಗಿದೆ ಎಂದು ಯಾರೂ ಕೇಳುವುದಿಲ್ಲ.

ದೇಶದಲ್ಲಿ 60 ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನ ಅಂದಾಜಿಸಿತು. ನೆನಪು, ವಿವೇಚನೆ ಕುಂದಿದಷ್ಟೂ ಮನುಷ್ಯ ಸುತ್ತಲಿನ ಬೆಳಕು, ಸದ್ದು, ಗೋಡೆ, ಬಾಗಿಲುಗಳಿಗೆ ಹೆಚ್ಚು ಅಧೀನನಾಗುತ್ತಾನೆ. ಅಮೆರಿಕದ 15 ಆರೈಕೆ ಘಟಕಗಳ 427 ನಿವಾಸಿಗಳ ಬಗ್ಗೆ ಜಾನ್ ಝೈಸೆಲ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳುತ್ತದೆ. ಖಾಸಗಿತನವಿದ್ದು, ತಮ್ಮದೇ ವಸ್ತುಗಳನ್ನು ಇಟ್ಟುಕೊಳ್ಳಲು ಅವಕಾಶವಿದ್ದ ಕಡೆ ಆತಂಕ, ಆಕ್ರೋಶ ಕಡಿಮೆ ಇದ್ದವು. ನೆದರ್ಲೆಂಡ್ಸ್‌ನ 12 ಆರೈಕೆ ಮನೆಗಳಲ್ಲಿ ಹಗಲಿಡೀ ಪ್ರಖರ ಬೆಳಕು ಇರಿಸಿ ನೋಡಿದಾಗ ಖಿನ್ನತೆಯ ಲಕ್ಷಣಗಳು ತಗ್ಗಿದ್ದು 2008ರಲ್ಲಿ ವರದಿಯಾಯಿತು.

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿಗೆ ಈ ಮಾತು ನೇರವಾಗಿ ಅನ್ವಯಿಸುತ್ತದೆ. ಮಲಪ್ರಭೆ ಹುಟ್ಟುವ ಕಣಕುಂಬಿಯ ಸೀಮೆಯಲ್ಲಿ ಮಳೆಗಾಲವೆಂದರೆ ದಿನಗಟ್ಟಲೆ ಮೋಡ, ಹಗಲಲ್ಲೂ ಕತ್ತಲು. ಮಬ್ಬು ಬೆಳಕಿನಲ್ಲಿ ನೆರಳು ಮನುಷ್ಯನಂತೆ ಕಾಣುತ್ತದೆ, ನೆಲದ ಕಪ್ಪು ಪಟ್ಟಿ ಗುಂಡಿಯಂತೆ ಕಾಣುತ್ತದೆ. ಹೆದರಿದವರು ಕೂಗಾಡಿದರೆ ಅದನ್ನು ಹಟ ಎನ್ನಲಾಗದು.

ಹಳ್ಳಿಯ ಮನೆಯಲ್ಲಿ ಬಹಿರ್ದೆಸೆಗೆ ಹಿತ್ತಲಿಗೆ ಹೋಗಿ ರೂಢಿಯಾದವರನ್ನು ಬೆಳಗಾವಿಯ ಕಟ್ಟಡವೊಂದರ ಮೇಲ್ಮಹಡಿಗೆ ತಂದಿರಿಸುತ್ತೇವೆ. ಸಾಲು ಬಾಗಿಲುಗಳೆಲ್ಲ ಒಂದೇ ಬಣ್ಣ. ಸಂಡಾಸ ಯಾವುದೆಂದು ಗುರುತಿಲ್ಲ. ಅವರು ಹೊರಬಾಗಿಲು ಹುಡುಕಿಕೊಂಡು ಹೊರಟರೆ ‘ಓಡಿಹೋಗುತ್ತಾರೆ’ ಎಂದು ಬೀಗ ಬೀಳುತ್ತದೆ. ಬೀಗ ಕಂಡ ಮೇಲೆ ಸಿಟ್ಟು ಇನ್ನಷ್ಟು ಏರುತ್ತದೆ.

ಮಾತೂ ಪರಿಸರದ ಭಾಗ. ಈ ತಾಲ್ಲೂಕಿನಲ್ಲಿ ಕನ್ನಡ, ಮರಾಠಿ, ಕೊಂಕಣಿ ಮನೆಮಾತಿನವರು ಅಕ್ಕಪಕ್ಕದಲ್ಲೇ ಬಾಳಿದವರು. ಡಿಮೆನ್ಷಿಯಾ ಬಲಿತಾಗ ಹಲವರಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಜಾರಿ, ಎಳವೆಯದು ಉಳಿಯುತ್ತದೆ. ಕರ್ನಾಟಕ–ಮಹಾರಾಷ್ಟ್ರ ಗಡಿ ವಿವಾದ ಏನೇ ಇರಲಿ, ಸ್ನಾನಕ್ಕೆ ಕರೆಯುವ ಮಾತು ಆ ಹಿರಿಯ ಜೀವಕ್ಕೆ ತಿಳಿಯುವ ಭಾಷೆಯಲ್ಲೇ ಇರಬೇಕು.

ಜಾಗ ಸರಿಪಡಿಸಿದ ಮಾತ್ರಕ್ಕೆ ರೋಗ ವಾಸಿಯಾಗದು. ನೋವು, ಮಲಬದ್ಧತೆ, ಮೂತ್ರದ ಸೋಂಕುಗಳೂ ವರ್ತನೆ ಕೆಡಿಸುತ್ತವೆ. ವೈದ್ಯರ ತಪಾಸಣೆ ಬೇಕೇ ಬೇಕು. ಕೆಲವೊಮ್ಮೆ ಔಷಧವೂ ಅನಿವಾರ್ಯ. ಆದರೆ ಡಿಮೆನ್ಷಿಯಾ ಇರುವ ವೃದ್ಧರಿಗೆ ಕೆಲವು ಮನೋವಿಕಾರ ನಿರೋಧಕ ಔಷಧ ಕೊಟ್ಟರೆ ಸಾವಿನ ಅಪಾಯ ಹೆಚ್ಚುತ್ತದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿದೆ. ಬಲ್ಬು ಬದಲಿಸಿ ಸರಿಹೋಗಬಹುದಾದ ಕಡೆ ಅಂಥ ಅಪಾಯ ಹೊರಿಸುವುದು ಅನ್ಯಾಯ.

2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆ, ಪ್ರತಿ ಜಿಲ್ಲೆಯಲ್ಲೂ ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಜಾಗವಿರುವ ವೃದ್ಧಾಶ್ರಮಕ್ಕೆ ಅವಕಾಶ ಕಲ್ಪಿಸಿದೆ. ಅಲ್ಲಿನ ಗುಣಮಟ್ಟ ಗೊತ್ತುಪಡಿಸುವ ಅಧಿಕಾರವನ್ನೂ ರಾಜ್ಯಕ್ಕೆ ಕೊಟ್ಟಿದೆ. ಆ ಗುಣಮಟ್ಟದಲ್ಲಿ ಡಿಮೆನ್ಷಿಯಾಕ್ಕೆ ಹೊಂದುವ ಕಟ್ಟಡದ ನಿಯಮಗಳು ಸೇರಬೇಕು: ನೆರಳು ಬೀಳದ ಬೆಳಕು, ಬಣ್ಣ ಮತ್ತು ಚಿತ್ರದಿಂದ ಗುರುತಾಗುವ ಸಂಡಾಸ, ಒಂದೇ ಬಣ್ಣದ ಜಾರದ ನೆಲ, ಸುತ್ತಿ ಬರಲು ಆವರಣದೊಳಗಿನ ಹಾದಿ, ದಿನವಿಡೀ ಕಿರುಚುವ ಟಿ.ವಿ.ಗೆ ಕಡಿವಾಣ. ಬೆಳಗಾವಿಯ ಸರ್ಕಾರಿ ವೈದ್ಯಕೀಯ ಸಂಸ್ಥೆ ಬಿಮ್ಸ್‌ನ ವೈದ್ಯರು ಆಶ್ರಮಗಳ ಸಿಬ್ಬಂದಿಗೆ ತರಬೇತಿ ಕೊಡಬಹುದು.

ದಾನಿಗಳ ಪಾತ್ರವೂ ದೊಡ್ಡದು. ಹುಟ್ಟುಹಬ್ಬಕ್ಕೆ ವೃದ್ಧಾಶ್ರಮದಲ್ಲಿ ಸಿಹಿಯೂಟ ಹಾಕಿಸುವ ಒಳ್ಳೆಯ ರೂಢಿ ನಮ್ಮಲ್ಲಿದೆ. ಆ ಹಣದ ಒಂದು ಪಾಲು ಹಿಡಿಗಂಬಿಗೆ, ದೀಪಕ್ಕೆ, ಅಂಗಳದ ಕಟ್ಟೆಗೆ ಹೋದರೆ ಉಪಯೋಗ ವರ್ಷಗಟ್ಟಲೆ ಉಳಿಯುತ್ತದೆ. ತಂದೆತಾಯಿಯನ್ನು ಸೇರಿಸಲು ಹೋಗುವ ಮಕ್ಕಳು ತಿಂಗಳ ಶುಲ್ಕ ವಿಚಾರಿಸುವ ಮೊದಲು ಕೋಣೆ, ಸಂಡಾಸ, ಅಂಗಳ ತೋರಿಸಿ ಎಂದು ಕೇಳಲಿ. ಕೇಳುವವರು ಹೆಚ್ಚಾದಂತೆ ಆಶ್ರಮಗಳೂ ಬದಲಾಗುತ್ತವೆ.